ಪುಟ್ಟಿ ಹಿಂದಿನ ಜಂಕ್ಷನ್ ಬಾಕ್ಸ್: ಮೇನ್ ಆಫ್ ಮಾಡಿದರೆ ಸಾಕಾ?

ಗೋಡೆಯೊಳಗೆ ವೈರುಗಳ ಜಾಯಿಂಟ್ ಇರುವ ಜಂಕ್ಷನ್ ಬಾಕ್ಸ್ ಪುಟ್ಟಿಯ ಹಿಂದೆ ಮುಚ್ಚಿಹೋಗಿದ್ದರೂ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಸ್ವಿಚ್‌ಬೋರ್ಡಿನಿಂದ ನೆಟ್ಟಗೆ ಮೇಲಕ್ಕೆ ನೋಡಿ. ನಮ್ಮ ಕಡೆಯ ಕನ್ಸೀಲ್ಡ್ ವೈರಿಂಗ್‌ನಲ್ಲಿ (ಗೋಡೆಯೊಳಗೆ ಹುದುಗಿಸಿದ ವೈರಿಂಗ್) ವೈರಿನ ಪೈಪು ಸಾಮಾನ್ಯವಾಗಿ ಅಲ್ಲಿಂದ ಏರಿ, ಸೀಲಿಂಗ್‌ಗಿಂತ ಸ್ವಲ್ಪ ಕೆಳಗೆ ಬಾಕ್ಸ್ ಸೇರುತ್ತದೆ. ಅದರ ಬಾಯಿಗೆ ಹೈಲಮ್ ಶೀಟ್ (ಗಟ್ಟಿ ಲ್ಯಾಮಿನೇಟ್ ಹಾಳೆ) ಇಟ್ಟು ಸ್ಕ್ರೂ ಹಾಕಿರುತ್ತಾರೆ. ಪೇಂಟರ್ ಅದರ ಮೇಲೇ ಪುಟ್ಟಿ ಎಳೆದರೆ ಬಾಕ್ಸ್ ಮಾಯ!

ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ಗೋಡೆಗೆ ತಾಗಿಸಿ ಬೆಳಕನ್ನು ಉದ್ದಕ್ಕೆ ಬಿಡಿ. ಶೀಟಿನ ಚೌಕದ ಅಂಚು, ಸ್ಕ್ರೂ ತಲೆಯ ಸಣ್ಣ ಉಬ್ಬು ನೆರಳಾಗಿ ಎದ್ದು ಕಾಣುತ್ತವೆ. ತಟ್ಟಿ ನೋಡಿದರೆ ಅಲ್ಲಿ ಮಾತ್ರ ಟೊಳ್ಳು ಸದ್ದು. ಗೋಡೆಯೊಳಗಿನ ವೈರ್ ಹುಡುಕುವ ಡಿಟೆಕ್ಟರ್ ಕೊಳ್ಳುವ ಮೊದಲು ಇದನ್ನೇ ಮಾಡಿ.

ಈಗ ನನ್ನ ತಲೆ ಜಾಸ್ತಿ ತಿಂದ ವಿಷಯ: ಇನ್ವರ್ಟರ್.

ಬಾಕ್ಸ್ ಮುಟ್ಟುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿದರೆ ಎಲ್ಲ ವೈರೂ ಸತ್ತಂತೆ ಅಲ್ವಾ? ಅಲ್ಲ. ಮೇನ್ ಆಫ್ ಆದದ್ದು ಇನ್ವರ್ಟರ್ ಪಾಲಿಗೆ ಬರೀ ಪವರ್ ಕಟ್ ಆದ ಹಾಗೆ. ಕೂಡಲೇ ಬ್ಯಾಟರಿಯಿಂದ ಸುಮಾರು 230 ವೋಲ್ಟ್ ಕಳಿಸುತ್ತದೆ. ಹಾಗಾದರೆ ಮೇನ್ ಬಿಟ್ಟು ಇನ್ವರ್ಟರ್ ಸ್ವಿಚ್ ಮಾತ್ರ ಆಫ್ ಮಾಡಿದರೆ? ಅದೂ ಸಾಲದು. ಮನೆಯ ಇನ್ವರ್ಟರ್‌ಗಳಲ್ಲಿ ಸಾಮಾನ್ಯವಾಗಿ ಮುಂದಿನ ಸ್ವಿಚ್ ನಿಲ್ಲಿಸುವುದು ಬ್ಯಾಟರಿಯಿಂದ ಬರುವ ಕರೆಂಟನ್ನು ಮಾತ್ರ. ಲೈನಿನ ಕರೆಂಟ್ ಅದರೊಳಗಿಂದಲೇ ಹಾದು ಲೈಟು, ಫ್ಯಾನಿಗೆ ಹೋಗುತ್ತಲೇ ಇರುತ್ತದೆ. ಒಂದನ್ನು ಮುಚ್ಚಿದರೆ ಇನ್ನೊಂದು ತೆರೆದೇ ಇರುತ್ತದೆ. ಅದಕ್ಕೇ ಎರಡೂ ಒಟ್ಟಿಗೆ ಆಫ್ ಆಗಬೇಕು. ಒಂದೇ ಬಾಕ್ಸಿನೊಳಗೆ ಲೈನಿನ ವೈರೂ ಇನ್ವರ್ಟರ್ ವೈರೂ ಕೂಡಿ ಕೂತಿರುವುದು ನಮ್ಮ ಮನೆಗಳಲ್ಲಿ ಮಾಮೂಲು. ಇನ್ವರ್ಟರನ್ನು ಎಷ್ಟೋ ಮನೆಗಳಲ್ಲಿ ಆಮೇಲೆ ಸೇರಿಸಿರುತ್ತಾರೆ. ಹಾಗಾಗಿ ಯಾವುದು ಲೈನಿನದು, ಯಾವುದು ಇನ್ವರ್ಟರಿನದು ಎಂದು ವೈರಿನ ಬಣ್ಣ ನಂಬಿ ಕೈ ಹಾಕಬೇಡಿ.

ಕಪ್ಪು ವೈರೂ (ನ್ಯೂಟ್ರಲ್, ಕರೆಂಟ್ ವಾಪಸ್ ಹೋಗುವ ವೈರ್) ಅಷ್ಟೇ, ನಂಬಬೇಡಿ. ಸಿಂಗಲ್ ಪೋಲ್ ಎಂಸಿಬಿ (ಒಂದೇ ವೈರ್ ಕಡಿಯುವ ಬ್ರೇಕರ್ ಸ್ವಿಚ್) ಫೇಸನ್ನು, ಅಂದರೆ ಕರೆಂಟ್ ತರುವ ವೈರನ್ನು ಮಾತ್ರ ಕಡಿಯುತ್ತದೆ. ಒಂದು ರೂಮಿನ ಎಂಸಿಬಿ ಮಾತ್ರ ಆಫ್ ಮಾಡಿದ್ದಾಗ, ಪಕ್ಕದ ರೂಮಿನ ಲೈಟು ಇದೇ ನ್ಯೂಟ್ರಲ್ ಹಂಚಿಕೊಂಡಿದ್ದು, ಅದು ಉರಿಯುತ್ತಿರುವಾಗ ನೀವು ಜಾಯಿಂಟ್ ಬಿಚ್ಚಿದರೆ, ಲೈಟಿನ ಕಡೆಯ ಕಪ್ಪು ತುದಿಯೂ ಶಾಕ್ ಹೊಡೆಯುತ್ತದೆ.

ನೋಡುವ ಕ್ರಮ: ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಸಾಕೆಟ್‌ನಲ್ಲಿ ಇಟ್ಟು ಮೀಟರ್ ಸರಿಯಿದೆಯಾ ನೋಡಿ. ಎರಡೂ ಆಫ್ ಮಾಡಿದ ಮೇಲೆ ಬಾಕ್ಸಿನಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರೂ ನೋಡಿ. ಆಮೇಲೆ ಕರೆಂಟ್ ಇರುವುದು ಖಚಿತವಿರುವ ಬೇರೆ ಕಡೆ ಮೀಟರನ್ನು ಇನ್ನೊಮ್ಮೆ ಪರೀಕ್ಷಿಸಿ. ಬರೀ ಟೆಸ್ಟರ್ ಸಾಲದು. ಪಕ್ಕದ ವೈರಿನ ಪ್ರಭಾವಕ್ಕೆ ಸತ್ತ ವೈರಲ್ಲೂ ಮಂಕಾಗಿ ಉರಿಯಬಹುದು, ಕೆಟ್ಟಿದ್ದರೆ ಜೀವ ಇರುವ ವೈರಲ್ಲೂ ಸುಮ್ನಿರಬಹುದು. ಇಷ್ಟು ನೋಡಿಕೊಂಡರೂ ಜಾಯಿಂಟ್ ಬಿಚ್ಚಿ ಕಟ್ಟುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನದ್ದೇ.

ಕೊನೆಗೆ, ಬಾಕ್ಸನ್ನು ಮತ್ತೆ ಮುಚ್ಚಿಹಾಕಬೇಡಿ. ಜಾಯಿಂಟ್ ಸಡಿಲವಾದರೆ ಬಿಸಿಯಾಗುತ್ತದೆ, ಗೋಡೆಯೊಳಗೆ ಅದು ಯಾರಿಗೂ ಕಾಣುವುದಿಲ್ಲ. ಅದರ ಮೇಲೆ ಟೈಲ್ಸ್, ವಾರ್ಡ್‌ರೋಬ್ ಬರುವ ಹಾಗಿದ್ದರೆ ಜಾಯಿಂಟನ್ನೇ ಬೇರೆ ಕಡೆಗೆ ಸಾಗಿಸಿ. ಇಲ್ಲದಿದ್ದರೆ ಮುಚ್ಚಳ ಗೋಡೆಯ ಮಟ್ಟಕ್ಕೆ ಕೂತು, ಸ್ಕ್ರೂ ತಲೆ ಹೊರಗೆ ಕಾಣುತ್ತಿರಲಿ. ಜಿಪ್ಸಮ್ ಫಾಲ್ಸ್ ಸೀಲಿಂಗ್ ಹಾಕಿಸುವವರು ಸ್ಲ್ಯಾಬಿನಲ್ಲಿರುವ (ಕಾಂಕ್ರೀಟ್ ಚಾವಣಿಯ) ಬಾಕ್ಸಿನ ಕೆಳಗೆ ತೆಗೆದು ಮತ್ತೆ ಮುಚ್ಚಬಹುದಾದ ಬಾಗಿಲು ಬಿಡಿಸಿ. ಪುಟ್ಟಿಗೆ ಮೊದಲು ಪ್ರತಿ ಗೋಡೆಯ ಫೋಟೋ ತೆಗೆಯುವಾಗ ಟೇಪ್ ಹಿಡಿದಿಡಿ: ಬಾಕ್ಸು ಮೂಲೆಯಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಅನ್ನುವುದು ಫೋಟೋದಲ್ಲೇ ಓದಲು ಬರಲಿ.