ಕೊಕ್ಕೊ ಕೊಳ್ಳುವವರೇ ಇಲ್ಲದಾಗ

ಪುತ್ತೂರಿನ ಕಡೆ ಮಾವನ ತೋಟಕ್ಕೆ ಹೋದರೆ ಬೆಳಗ್ಗೆ ಕೇಳುವ ಸದ್ದು ‘ಟಪ್, ಟಪ್’. ಕೊಕ್ಕೊ ಕಾಯಿಯನ್ನು ಕಲ್ಲಿಗೆ ಬಡಿದು ಒಡೆಯುವುದು. ಒಳಗೆ ಬಿಳಿ ಲೋಳೆ ಸುತ್ತಿಕೊಂಡ ಬೀಜ. ಬಾಯಿಗೆ ಹಾಕಿದರೆ ಸಿಹಿ, ಸ್ವಲ್ಪ ಹುಳಿ. ಚಾಕಲೇಟಿನ ಸುಳಿವೇ ಇಲ್ಲ! ಆ ಹಸಿ ಬೀಜ ಚೀಲ ಸೇರಿ, ಸ್ಕೂಟರಿನಲ್ಲಿ ರಸ ಸುರಿಸುತ್ತಾ ಪೇಟೆಗೆ ಹೋಗುತ್ತದೆ. ತೂಕ ಆಗುತ್ತದೆ, ದುಡ್ಡು ಬರುತ್ತದೆ. ಇದು ಇಷ್ಟು ಸಲೀಸಾಗಲು ತುಂಬಾ ವರ್ಷ ಹಿಡಿಯಿತು.

ಶುರು ಅಡಿಕೆಯಿಂದ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲ ಕಚ್ಚಿತು. ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿ, ಸುಲಿದು ತಂದ ಅಡಿಕೆಗೆ ರೇಟು ಹೇಳುವವರು ವ್ಯಾಪಾರಿಗಳು. ಇದು ಪಟೋರ, ಇದು ಕರಿಗೋಟು ಎಂದು ಕಡಿಮೆ ದರ್ಜೆಯದನ್ನು ಬೇರೆ ಮಾಡುವವರೂ ಅವರೇ. ದೊಡ್ಡ ತೋಟದವರು ಅಡಿಕೆಯನ್ನು ಅಟ್ಟದಲ್ಲಿಟ್ಟು ಕಾಯಬಹುದು. ಅರ್ಧ ಎಕರೆಯವರು ಕಾಯುವುದು ಹೇಗೆ? ಸೊಸೈಟಿ ಸಾಲದ ಕಂತು ಕಾಯುವುದಿಲ್ಲವಲ್ಲ.

ಆಗ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಒಟ್ಟು ಮಾಡಿದರು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿ ಸಂಸ್ಥೆಯಾಗಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಊರಿನ ಅಡಿಕೆಯನ್ನೆಲ್ಲಾ ಅದೊಂದೇ ಕೊಳ್ಳಬೇಕಾಗಿರಲಿಲ್ಲ. ಇವತ್ತಿನ ಧಾರಣೆ ಇಷ್ಟು ಎಂದು ಬೋರ್ಡಿನಲ್ಲಿ ಬರೆದು, ಬಾಗಿಲು ತೆರೆದು ಕೂತರೆ ಸಾಕು. ಪಕ್ಕದ ವ್ಯಾಪಾರಿ ಅದಕ್ಕಿಂತ ತೀರಾ ಕೆಳಗೆ ಕೇಳಲಾರ. ಸದಸ್ಯರಲ್ಲದವರಿಗೂ ಇದರ ಲಾಭ ಸಿಕ್ಕಿತು. ಇದರ ಲೆಕ್ಕ ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಕೊಕ್ಕೊ ಬಂದದ್ದು ಅಡಿಕೆ ಮರದ ನೆರಳಿಗೆ. ಉದುರಿದ ಎಲೆ ಬುಡಕ್ಕೆ ಗೊಬ್ಬರ, ಅಡಿಕೆಗೆ ಹಾಕುವ ನೀರೇ ಇದಕ್ಕೂ ಸಾಕು. ಖಾಸಗಿ ಕಂಪನಿ ಕೊಳ್ಳುತ್ತದೆ ಎಂಬ ನಂಬಿಕೆಯಲ್ಲಿ ಜನ ನೆಟ್ಟರು. 1980ರ ಹೊತ್ತಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು. ಅಡಿಕೆಯನ್ನಾದರೆ ಅಟ್ಟದಲ್ಲಿ ಇಡಬಹುದು. ಹಸಿ ಕೊಕ್ಕೊ ಬೀಜ ಎರಡು ದಿನ ಇಟ್ಟರೆ ಮುಗೀತು. ಗಿಡ ಕಡಿದವರೂ ಇದ್ದಾರೆ. ಆಗ ಖರೀದಿಗೆ ಇಳಿದದ್ದೂ ಕ್ಯಾಂಪ್ಕೊ. ಕೊಂಡ ಬೀಜಕ್ಕೆ ಒಂದು ದಾರಿ ಬೇಕಲ್ವಾ? 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆ ಶುರುವಾಯಿತು. ಉದ್ಘಾಟಿಸಿದ್ದು ಆಗಿನ ರಾಷ್ಟ್ರಪತಿ ಜೈಲ್ ಸಿಂಗ್.

ನನಗೆ ಕಾರ್ಖಾನೆಗಿಂತ ದೊಡ್ಡದು ಅನ್ನಿಸುವುದು ಹಸಿ ಬೀಜವನ್ನೇ ಕೊಳ್ಳುವ ಕ್ರಮ. ಚಾಕಲೇಟಿನ ಪರಿಮಳ ಹುಟ್ಟುವುದು ಬೀಜ ಹುಳಿಯುವಾಗ. ಐದಾರು ದಿನ ರಾಶಿ ಹಾಕಿ, ನಡುವೆ ಮಗುಚಬೇಕು. ರಾಶಿ ಒಳಗಿಂದ ಕೈ ಸುಡುವಷ್ಟು ಬಿಸಿಯಾಗಬೇಕು. ಐದು ಕಿಲೋ ಬೀಜ ಹಾಗೆ ಬಿಸಿ ಏರುವುದಿಲ್ಲ, ಸುಮ್ನೆ ಬೂಸ್ಟು ಹಿಡಿಯುತ್ತದೆ. ಮೇಲಿಂದ ನಮ್ಮ ಮಳೆಗಾಲ. ಒಣ ಬೀಜವೇ ಬೇಕು ಎಂದಿದ್ದರೆ ಇಪ್ಪತ್ತು ಗಿಡದವರು ಅಲ್ಲೇ ಹೊರಗುಳಿಯುತ್ತಿದ್ದರು.

ಎಲ್ಲವೂ ಚಂದ ಎಂದೇನಲ್ಲ. ಅಡಿಕೆ ಜಗಿದರೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿ ಇಪ್ಪತ್ತು ವರ್ಷ ದಾಟಿದೆ. ನ್ಯಾಯದ ಬೆಲೆ ಸಿಕ್ಕರೂ ಆ ಪ್ರಶ್ನೆ ಅಲ್ಲೇ ಇದೆ. ನಮ್ಮ ಕಡೆ ಅದನ್ನು ಮಾತಾಡಿದರೆ ಮನೆಯಲ್ಲೇ ಜಗಳ.

ಇನ್ನೊಂದು ಪರೀಕ್ಷೆ ಬಂದದ್ದು 2024ರಲ್ಲಿ. ಘಾನಾ, ಐವರಿ ಕೋಸ್ಟ್‌ಗಳಲ್ಲಿ ಬೆಳೆ ಕೈಕೊಟ್ಟು, ನ್ಯೂಯಾರ್ಕ್‌ನಲ್ಲಿ ಕೊಕ್ಕೊ ಟನ್ನಿಗೆ 10,000 ಡಾಲರ್ ದಾಟಿತು. ಮಾವನ ಅಂಗಳಕ್ಕೇ ಪಿಕಪ್ ಬಂತು, ರೇಟು ಜಾಸ್ತಿ ಹೇಳಿದರು. ಮಾವ ಎರಡು ಚೀಲ ಕೊಟ್ಟರು, ಒಂದನ್ನು ಎತ್ತಿಟ್ಟುಕೊಂಡರು. ಯಾಕೆ ಎಂದು ಕೇಳಿದೆ.

“ಇದು ಕ್ಯಾಂಪ್ಕೊಗೆ. ಗಿಡ ಕಡಿಯಲಿಕ್ಕೆ ಕತ್ತಿ ಹಿಡಿದವ ನಾನೇ ಅಲ್ವಾ ಮಾರಾಯ, ಆವತ್ತು ಈ ಪಿಕಪ್ ಎಲ್ಲಿತ್ತು?”

ಆ ಪಿಕಪ್ ಈಗ ಬರುತ್ತಿಲ್ಲ. ಮಾವನ ಮೂರೂ ಚೀಲ ಸ್ಕೂಟರಿನಲ್ಲೇ ಹೋಗುತ್ತಿವೆ.