ಎಷ್ಟು ಡಿಗ್ರಿ ಅಂತ ಕೇಳುವ ಮುಂಚೆ, ಎಲ್ಲಿ ಅಳೆದದ್ದು?

ಮನೆಯ ಕಂಪ್ಯೂಟರನ್ನು ಓವರ್‌ಕ್ಲಾಕ್ ಮಾಡಲು, ಅಂದರೆ ತಯಾರಕರು ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸಲು, ಕೂತವರ ಮೊದಲ ಪ್ರಶ್ನೆ ಇವತ್ತಿಗೂ ಒಂದೇ: ಪ್ರೊಸೆಸರ್ ಎಷ್ಟು ಡಿಗ್ರಿ ತನಕ ಬಿಸಿಯಾಗಬಹುದು? ಹುಡುಕಿದರೆ 60 ಎಂಬ ಉತ್ತರ ಸಿಗುತ್ತದೆ, 72 ಎಂಬುದೂ ಸಿಗುತ್ತದೆ, 95 ಆದರೂ ಚಿಂತೆಯಿಲ್ಲ ಎನ್ನುವವರೂ ಇದ್ದಾರೆ. ತಮಾಷೆ ಏನೆಂದರೆ, ಮೂರಕ್ಕೂ ಆಧಾರ ಇದೆ. ನಾಲಿಗೆ ಕೆಳಗೆ ಅಳೆದ ಜ್ವರಕ್ಕೂ ಕಂಕುಳಲ್ಲಿ ಅಳೆದ ಜ್ವರಕ್ಕೂ ವ್ಯತ್ಯಾಸ ಇರುತ್ತದೆ ಅಲ್ವಾ, ಹಾಗೆ.

1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಚಿಪ್‌ನ ಬಸ್ ವೇಗವನ್ನು (ಚಿಪ್‌ನ ವೇಗಕ್ಕೆ ಆಧಾರವಾದ ತಾಳವನ್ನು) 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ 450ರಲ್ಲಿ ಓಡುತ್ತಿತ್ತು. ಆಗ ಡಿಗ್ರಿ ಲೆಕ್ಕ ಇಟ್ಟವರು ಕಡಿಮೆ. ಕಂಪ್ಯೂಟರ್ ಹ್ಯಾಂಗ್ ಆದರೆ ಜಾಸ್ತಿ ಆಯಿತು ಎಂದರ್ಥ, ಅಷ್ಟೇ. ಆ ಕಾಲದ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಸಾಕೆಟ್‌ನ ನಡುವೆ ಬಿಸಿ ಅಳೆಯುವ ಪುಟ್ಟ ಥರ್ಮಿಸ್ಟರ್ ಇರುತ್ತಿತ್ತು. ಅದು ಅಳೆಯುತ್ತಿದ್ದುದು ಚಿಪ್‌ನ ತಳವನ್ನು, ಜೊತೆಗೆ ಸುತ್ತಲಿನ ಗಾಳಿಯನ್ನು. ತೆರೆಯ ಮೇಲೆ 50 ಕಂಡರೆ ಒಳಗೆ ಎಷ್ಟಿದೆ ಎಂಬುದು ದೇವರಿಗೇ ಗೊತ್ತು.

ಇದರ ಅಪಾಯ ಕಣ್ಣಿಗೆ ಕಂಡದ್ದು 2001ರಲ್ಲಿ. ಟಾಮ್ಸ್ ಹಾರ್ಡ್‌ವೇರ್ ಎಂಬ ವೆಬ್‌ಸೈಟಿನವರು ಗೇಮ್ ಓಡುತ್ತಿರುವಾಗಲೇ ಪ್ರೊಸೆಸರ್ ಮೇಲಿನ, ಬಿಸಿ ಹೊರಹಾಕುವ ಹೀಟ್‌ಸಿಂಕ್ ಕಿತ್ತು ತೆಗೆದು ವಿಡಿಯೊ ಮಾಡಿದರು. ಪೆಂಟಿಯಂ 4 ಸುಮ್ನೆ ನಿಧಾನವಾಯಿತು, ಗೇಮ್ ಕುಂಟುತ್ತಾ ಸಾಗಿತು. ಪೆಂಟಿಯಂ 3 ನಿಂತುಹೋಯಿತು, ಆದರೆ ಬದುಕಿಕೊಂಡಿತು. ಇಂಟೆಲ್‌ನ ಎದುರಾಳಿ ಎಎಂಡಿಯ ಅಥ್ಲಾನ್ ಮಾತ್ರ ಕ್ಷಣಗಳಲ್ಲೇ ಹೊಗೆ ಬಿಟ್ಟು ಸತ್ತಿತು. ಹೀಟ್‌ಸಿಂಕ್ ಹಾಗೆ ಬಿದ್ದುಹೋಗುವುದು ಅಪರೂಪ, ನಿಜ. ಆದರೆ ಅಳೆಯುವ ಸೆನ್ಸರ್ ಸಿಲಿಕಾನ್ ಒಳಗೇ ಇರಬೇಕು, ಚಿಪ್ ತನ್ನನ್ನು ತಾನೇ ಕಾಪಾಡಿಕೊಳ್ಳಬೇಕು ಎಂಬ ಬಗ್ಗೆ ಆಮೇಲೆ ಹೆಚ್ಚು ವಾದ ಉಳಿಯಲಿಲ್ಲ.

ಒಳಗೆ ಸೆನ್ಸರ್ ಬಂದಮೇಲೆ ಗೊಂದಲ ಮುಗಿಯಬೇಕಿತ್ತು. ಇನ್ನೂ ಹೆಚ್ಚಾಯಿತು. 2006ರ ಕೋರ್ 2 ಡ್ಯುಯೊದ ಡಿಜಿಟಲ್ ಸೆನ್ಸರ್ ನೇರವಾಗಿ ಡಿಗ್ರಿ ಹೇಳುವುದಿಲ್ಲ. ಗರಿಷ್ಠ ಮಿತಿಗೆ ಇನ್ನೆಷ್ಟು ದೂರ ಇದೆ ಎಂದಷ್ಟೇ ಹೇಳುತ್ತದೆ. ಆ ದೂರವನ್ನು ಮಿತಿಯಿಂದ ಕಳೆದು ಸಾಫ್ಟ್‌ವೇರ್ ನಮಗೆ ಡಿಗ್ರಿ ತೋರಿಸುತ್ತದೆ. ಮಿತಿ ಎಷ್ಟೆಂದು ತಪ್ಪು ಊಹಿಸಿದರೆ ಕಾಣುವ ಡಿಗ್ರಿಯೂ ತಪ್ಪು. 2008ರಲ್ಲಿ ಇಂಟೆಲ್ ಸಂಖ್ಯೆಗಳನ್ನು ಹೊರಗೆ ಹೇಳುವ ತನಕ ಹಲವರು ಊಹೆಯ ಮೇಲೇ ಜಗಳ ಆಡಿದರು. ಇದರ ಮೇಲೆ ಇಂಟೆಲ್‌ನದೇ ಇನ್ನೊಂದು ಸಂಖ್ಯೆ: ಇ6600 ಚಿಪ್‌ಗೆ 60.1, ಮುಂದೆ 2600ಕೆ ಚಿಪ್‌ಗೆ 72.6. ಇವು ಚಿಪ್ ಮೇಲಿನ ಲೋಹದ ಮುಚ್ಚಳದ ನಡುಮಧ್ಯದ ಉಷ್ಣತೆಗೆ ಕೊಟ್ಟ ಮಿತಿ. ಜನ ಅದನ್ನು ಕೋರ್ (ಚಿಪ್‌ನಲ್ಲಿ ಲೆಕ್ಕ ಮಾಡುವ ಭಾಗ) ಒಳಗಿನ ಓದಿಗೆ ಹೋಲಿಸಿ ಗಾಬರಿಯಾದರು. ಕೋರ್ ಯಾವಾಗಲೂ ಮುಚ್ಚಳಕ್ಕಿಂತ ಬಿಸಿ.

2012ರಲ್ಲಿ ಇಂಟೆಲ್ ಐವಿ ಬ್ರಿಜ್ ಚಿಪ್‌ಗಳ ಮುಚ್ಚಳದ ಕೆಳಗೆ ಬೆಸುಗೆಯ ಬದಲು, ಬಿಸಿಯನ್ನು ಅಷ್ಟು ಚೆನ್ನಾಗಿ ಸಾಗಿಸದ ಪೇಸ್ಟ್ ಹಚ್ಚಿತು. ಅದನ್ನು ಬದಲಿಸಲು ಹುಮ್ಮಸ್ಸಿನವರು ಬ್ಲೇಡ್ ಹಿಡಿದು ಮುಚ್ಚಳವನ್ನೇ ಕಿತ್ತರು. ಎಎಂಡಿಯ 2017ರ ರೈಜನ್ 1800ಎಕ್ಸ್ ಇನ್ನೂ ವಿಚಿತ್ರ. ಬೇರೆ ಬೇರೆ ರೈಜನ್‌ಗಳಿಗೆ ಒಂದೇ ಫ್ಯಾನ್ ಹೊಂದಾಣಿಕೆ ನಡೆಯಲಿ ಎಂದು ಅದು ನಿಜಕ್ಕಿಂತ 20 ಡಿಗ್ರಿ ಜಾಸ್ತಿ ತೋರಿಸುತ್ತಿತ್ತು!

2022ರ ರೈಜನ್ 7000 ಬಂದಾಗ ಪ್ರಶ್ನೆಯೇ ತಲೆಕೆಳಗಾಯಿತು. ಜೋರು ಕೆಲಸ ಕೊಟ್ಟರೆ ಅದರ ದೊಡ್ಡ ಚಿಪ್‌ಗಳು ಬೇಕೆಂದೇ 95ರ ತನಕ ಹೋಗಿ ಅಲ್ಲೇ ನಿಲ್ಲುತ್ತವೆ. ಒಳ್ಳೆಯ ಕೂಲರ್ ಹಾಕಿದರೂ ಎಷ್ಟೋ ಸಲ ಡಿಗ್ರಿ ಇಳಿಯುವುದಿಲ್ಲ, ವೇಗ ಏರುತ್ತದೆ. ಕೈಯಾರೆ ಓವರ್‌ಕ್ಲಾಕ್ ಮಾಡಿದವರು ಮಾತ್ರ ಅಂಚಿನಲ್ಲಿ ಕೂರಬಾರದು ಎಂಬುದು ನನ್ನ ಲೆಕ್ಕ. ಮಿತಿ 100 ಇರುವ ಚಿಪ್‌ಗೆ ಗಂಟೆಗಟ್ಟಲೆ ಪೂರ್ತಿ ಹೊರೆ ಕೊಟ್ಟಾಗ 85ರ ಒಳಗಿದ್ದರೆ ನನಗೆ ನೆಮ್ಮದಿ.

ಯಾಕೆಂದರೆ ಬಿಸಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಕರೆಂಟ್ ಹರಿದಂತೆ ತಂತಿಯೊಳಗಿನ ಲೋಹದ ಪರಮಾಣುಗಳು ಸ್ವಲ್ಪಸ್ವಲ್ಪವೇ ಜರುಗುತ್ತವೆ. ಬಿಸಿ ಮತ್ತು ಕರೆಂಟ್ ಎರಡೂ ಸೇರಿ ಅದರ ಆಯಸ್ಸನ್ನು ಹೇಗೆ ತಿನ್ನುತ್ತವೆ ಎಂಬ ಸೂತ್ರವನ್ನು ಎಂಜಿನಿಯರ್ ಜೇಮ್ಸ್ ಬ್ಲ್ಯಾಕ್ 1969ರಲ್ಲೇ ಕೊಟ್ಟಿದ್ದರು. ವೋಲ್ಟೇಜ್ ಏರಿಸಿದರೆ ವಿದ್ಯುತ್ ಬಳಕೆ ಅದರ ವರ್ಗದಷ್ಟು ಏರುತ್ತದೆ. 1.2ರಿಂದ 1.3 ವೋಲ್ಟ್‌ಗೆ ಹೋದರೆ, ವೇಗ ಏರಿಸದೆಯೂ, ಸುಮಾರು 17 ಶೇಕಡಾ ಜಾಸ್ತಿ. 2002ರ ಸುಮಾರಿಗೆ ನಾರ್ತ್‌ವುಡ್ ಪೆಂಟಿಯಂ 4ಕ್ಕೆ 1.7 ವೋಲ್ಟ್ ದಾಟಿಸಿದವರ ಚಿಪ್‌ಗಳು ತಣ್ಣಗಿದ್ದರೂ ಇದ್ದಕ್ಕಿದ್ದಂತೆ ಸತ್ತವು ಎಂಬ ಮಾತು ಹಬ್ಬಿತ್ತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಚಿಪ್‌ಗಳು ಕೈಕೊಟ್ಟಾಗ ಸಿಕ್ಕ ಮುಖ್ಯ ಕಾರಣವೂ ಮಿತಿಮೀರಿದ ವೋಲ್ಟೇಜ್. ಓವರ್‌ಕ್ಲಾಕ್ ಮಾಡದವರಿಗೂ ಆ ಪೆಟ್ಟು ಬಿತ್ತು. ಇಂಟೆಲ್ ಮೈಕ್ರೊಕೋಡ್ (ಚಿಪ್ ಒಳಗಿನ ಮೂಲ ಸೂಚನೆಗಳು) ಬದಲಿಸಿ ಚಿಪ್ ಕೇಳುವ ವೋಲ್ಟೇಜನ್ನು 1.55 ವೋಲ್ಟ್‌ಗೆ ಕಟ್ಟಿಹಾಕಿತು. ಆಗಲೇ ಸವೆದುಹೋದ ಚಿಪ್‌ಗಳಿಗೆ ಅದರಿಂದ ಉಪಯೋಗವಾಗಲಿಲ್ಲ. ಅವುಗಳನ್ನು ಬದಲಾಯಿಸಲೇಬೇಕಾಯಿತು.