ಮಾತು ಬಿಟ್ಟವರಿಗಾಗಿ ಸ್ತೋತ್ರ ಮಾಡೋದು ಹೇಗೆ?

ಪ್ರಶ್ನೆ: ನಮ್ಮ ಚರ್ಚಿನ ಸಭೆಯ ಒಬ್ಬರ ಜೊತೆ ಮಾತು ಬಿಟ್ಟು ವರ್ಷವಾಯಿತು. ಪ್ರಾರ್ಥನೆ ಕೂಟದಲ್ಲಿ ಸಭೆಯವರೆಲ್ಲರಿಗಾಗಿ ದೇವರಿಗೆ ಸ್ತೋತ್ರ ಮಾಡೋಣ, ಕೃತಜ್ಞತೆ ಹೇಳೋಣ ಅಂದಾಗ ಅವರ ಹೆಸರು ಬಾಯಿಗೆ ಬರುವುದಿಲ್ಲ. ಮನಸ್ಸಿಲ್ಲದೆ ಹೇಳಿದರೆ ಅದು ಸುಳ್ಳಲ್ವಾ?
– ಸಿದ್ದಾಪುರದ ಓದುಗರು

ಉತ್ತರ: ಸುಳ್ಳು ಹೇಳಬೇಡಿ. ಹೇಳುವ ಅಗತ್ಯವೂ ಇಲ್ಲ.

ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರ ತೆಗೆದು ನೋಡಿ. ಆ ಸಭೆಯಲ್ಲಿ ಗುಂಪುಗಳಿದ್ದವು. ವಿಶ್ವಾಸಿಗಳೇ ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದರು. ಕರ್ತನ ಭೋಜನಕ್ಕೆ ಸೇರಿದಾಗಲೂ ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬ ಕುಡಿದಿರುತ್ತಿದ್ದ. ಎಲ್ಲ ಗೊತ್ತಿದ್ದೂ ಪೌಲ ನಾಲ್ಕನೇ ವಚನದಲ್ಲೇ ಅವರಿಗಾಗಿ ದೇವರಿಗೆ ಸ್ತೋತ್ರ ಮಾಡುತ್ತಾನೆ. ಯಾಕಾಗಿ ಅಂತ ಗಮನಿಸಿ. ದೇವರು ಅವರಿಗೆ ಕೊಟ್ಟ ಕೃಪೆಗಾಗಿ. ಅವರ ಜಗಳವನ್ನು ಅವನು ಎಲ್ಲೂ ಸರಿ ಅನ್ನುವುದಿಲ್ಲ. ಸ್ತೋತ್ರ ಸಲ್ಲುವುದು ದೇವರಿಗೆ. ಹಾಗಾಗಿ ಆ ವ್ಯಕ್ತಿ ಮಾಡಿದ್ದನ್ನು ನೀವು ಒಪ್ಪಿಕೊಂಡಂತೆ ಆಗುವುದಿಲ್ಲ.

ಗಲಾತ್ಯದವರ ಪತ್ರದಲ್ಲಿ ಆ ಸ್ತೋತ್ರವೂ ಇಲ್ಲ. ಪೌಲ ಅಷ್ಟು ನೊಂದಿದ್ದ. ಆದರೂ ಅವರನ್ನು ಸಹೋದರರೇ ಅನ್ನುವುದನ್ನು ಬಿಡಲಿಲ್ಲ. ಮಾತು ಹೊರಡದ ದಿನ ಇದು ನನಗೆ ಬಹಳ ಸಮಾಧಾನ ಕೊಟ್ಟಿದೆ.

ನನ್ನದೇ ಒಂದು ವಿಷಯ ಹೇಳುತ್ತೇನೆ. ಒಂದು ಡಿಸೆಂಬರ್‌ನಲ್ಲಿ ಅಕಾಲ ಮಳೆ ಬಂತು. ಮೇಲಿನ ತೋಟದವರು ಚರಂಡಿ ತಿರುಗಿಸಿದ್ದರಿಂದ ನೀರೆಲ್ಲ ನಮ್ಮ ಕಣಕ್ಕೆ ನುಗ್ಗಿತು. ಒಣಗಲು ಹರಡಿದ್ದ ಚೆರಿ ಕಾಫಿ ಕೆಸರಲ್ಲಿ ತೇಲಿತು. ಅವರೂ ನಮ್ಮ ಸಭೆಯವರೇ. ಭಾನುವಾರ ನನ್ನ ಹಿಂದಿನ ಬೆಂಚು. ತಿಂಗಳುಗಟ್ಟಲೆ ಅವರ ಹೆಸರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಒಂದು ರಾತ್ರಿ, ಅವರ ಬಗ್ಗೆ ನಿಜವಾಗಿ ಹೇಳಬಹುದಾದ ಒಂದೇ ಒಂದು ಮಾತು ಹುಡುಕಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆದಾಗ, ನನ್ನ ಅಮ್ಮನನ್ನು ಜೀಪಿನಲ್ಲಿ ಸುತ್ತು ದಾರಿ ಹಿಡಿದು ಆಸ್ಪತ್ರೆಗೆ ಮುಟ್ಟಿಸಿದ್ದು ಇದೇ ಮನುಷ್ಯ. ಅಮ್ಮನಿಗೆ ಹೊದಿಸಿದ್ದ ಅವರ ಕಂಬಳಿ ಇನ್ನೂ ನಮ್ಮ ಮನೆಯಲ್ಲೇ ಇತ್ತು. ‘ಕರ್ತನೇ, ಆ ಕಂಬಳಿಗಾಗಿ ಸ್ತೋತ್ರ’ ಅಂದೆ. ಅಷ್ಟೇ. ಅದರಲ್ಲಿ ಸುಳ್ಳಿರಲಿಲ್ಲ.

ಅಂಥದ್ದೇನೂ ನೆನಪಾಗದಿದ್ದರೆ ಇನ್ನೂ ಹಿಂದಕ್ಕೆ ಹೋಗಿ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರಲ್ಲಿ ಶುರುವಾಗಿದ್ದು, ಟಿಪ್ಪುವಿನ ರಾಜ್ಯದಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟಿದ್ದರಿಂದ. ನೀವೂ ಅವರೂ ಒಂದೇ ಕಡೆ ಮೊಣಕಾಲೂರಲು ಜಾಗ ಸಿಕ್ಕಿದೆಯಲ್ಲ, ಅದಕ್ಕೇ ಸ್ತೋತ್ರ ಮಾಡಬಹುದು.

ಸ್ತೋತ್ರ ಆದಮೇಲೆ ಏನು ಬೇಡಿಕೊಳ್ಳೋದು? ‘ಅವರಿಗೆ ಬುದ್ಧಿ ಬರಲಿ’ ಅನ್ನುವ ಪ್ರಾರ್ಥನೆ ನಮಗೆ ಬೇಗ ಬರುತ್ತದೆ. ಸೆರೆಯಲ್ಲಿದ್ದ ಪೌಲ ಫಿಲಿಪ್ಪಿಯವರಿಗಾಗಿ ಬೇಡಿದ್ದು ಬೇರೆ: ಅವರ ಪ್ರೀತಿ ತಿಳಿವಳಿಕೆಯೊಂದಿಗೆ ಇನ್ನೂ ಜಾಸ್ತಿಯಾಗಲಿ ಅಂತ. ಅದನ್ನೇ ಅವರಿಗೂ ನಿಮಗೂ ಸೇರಿಸಿ ಕೇಳಿ.

ಆ ಫಿಲಿಪ್ಪಿ ಸಭೆಯಲ್ಲೂ ಯುವೊದ್ಯ, ಸಂತುಕೆ ಅನ್ನುವ ಇಬ್ಬರು ಹೆಂಗಸರಿಗೆ ಮನಸ್ತಾಪವಿತ್ತು. ಪತ್ರದ ಆರಂಭದಲ್ಲಿ ‘ನಿಮ್ಮೆಲ್ಲರಿಗಾಗಿ’ ಸಂತೋಷದಿಂದ ಪ್ರಾರ್ಥಿಸುತ್ತೇನೆ ಅಂದ ಪೌಲ, ನಾಲ್ಕನೇ ಅಧ್ಯಾಯದಲ್ಲಿ ಇಬ್ಬರ ಹೆಸರೂ ಹಿಡಿದು ಬೇಡಿಕೊಳ್ಳುತ್ತಾನೆ. ಅವರಿಗೆ ಸಹಾಯ ಮಾಡು ಅಂತ ಮೂರನೆಯವನೊಬ್ಬನನ್ನೂ ಕೇಳುತ್ತಾನೆ. ಅದನ್ನು ಓದಿದ ಮೇಲೆ ನಾನು ಕಂಬಳಿ ಒಗೆದು ಒಣಗಿಸಿದೆ. ಸಭೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಕೊಟ್ಟು ಬಂದೆ. ಚರಂಡಿಯ ಮಾತು ಇನ್ನೂ ಮುಗಿದಿಲ್ಲ. ಅವರ ಮನೆಯ ಕಾಫಿ ಕುಡಿದು ಬಂದಿದ್ದೇನೆ.